ರಸ, ರುಚಿ, ರಸಾಯನ

ನಮ್ಮ ಸಾಹಿತ್ಯವಿಮರ್ಶೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ದುಡಿದಿರುವ ಮಾತು ಯಾವುದೆಂದು ಕೇಳಿದರೆ ಪಂಡಿತರು ‘ರಸ’ ಎಂದಾರು. ನನಗೇನೋ ಅದು ‘ರುಚಿ’ಯೆಂದೇ ತೋರುತ್ತದೆ. ರಸದ ಹೆಸರೆತ್ತದೆ ಪುಸ್ತಕವಿಮರ್ಶೆ ಬರೆಯುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಭಿರುಚಿ, ಸದಭಿರುಚಿ, ಸ್ವಾರಸ್ಯ, ಸಪ್ಪೆ, ರುಚಿಕಟ್ಟು ಎಂಬ ಮಾತುಗಳ ನೆರವಿಲ್ಲದೆ ಎರಡು ಕಾಲಂ ತುಂಬಿಸುವುದು ಇನ್ನೂ ಯಾರಿಗೂ ಸಾಧ್ಯವಾದಂತಿಲ್ಲ. ಅಡುಗೆಮನೆಯಿಂದ ಎರವಲು ತಂದ ಈ ಪಾತ್ರೆಗಳನ್ನು ನಾವು ಹಿಂದಕ್ಕೆ ಕೊಟ್ಟದ್ದೇ ಇಲ್ಲ. ಹಾಗೆ ತಂದಾಗ ಅವುಗಳಲ್ಲಿ ಏನಿತ್ತು ಎಂದು ಮುಚ್ಚಳ ತೆಗೆದು ನೋಡಿದ್ದೂ ಕಡಮೆ.

ಎರವಲು ತಂದವರಲ್ಲಿ ಹಿರಿಯ ಭರತಮುನಿ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂಬ ಪ್ರಶ್ನೆ ಎದ್ದಾಗ ಆತ ಯಾವ ದರ್ಶನದ ಬಾಗಿಲನ್ನೂ ತಟ್ಟದೆ ನೆಟ್ಟಗೆ ಊಟದ ಪಂಕ್ತಿಗೆ ನಡೆಯುತ್ತಾನೆ. ಬೆಲ್ಲವೇ ಮೊದಲಾದ ದ್ರವ್ಯಗಳೂ ವ್ಯಂಜನಗಳೂ ಕೂಡಿ ಒಂದು ಹೊಸ ಸವಿಯಾಗುವಂತೆ ಭಾವಗಳು ಕೂಡಿ ರಸವಾಗುತ್ತವೆ. ಹದವಾಗಿ ಅಟ್ಟ ಅನ್ನವನ್ನು ಉಣ್ಣುವವರು ಸವಿದು ಹರ್ಷಗೊಳ್ಳುವಂತೆ ನಾಟಕ ನೋಡುವವರು ಸ್ಥಾಯಿಭಾವಗಳನ್ನು ಸವಿಯುತ್ತಾರೆ. ಇದು ಅವನ ಮಾತಿನ ತಾತ್ಪರ್ಯ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಹೊರಬಂದಂದಿನಿಂದ ಕನ್ನಡ ಎಂ.ಎ. ಓದಿದವರಿಗೆಲ್ಲ ಈ ರಸವಿಚಾರ ಚಿರಪರಿಚಿತ. ಉಣ್ಣುವವನಿಗೂ ನೋಡುವವನಿಗೂ ಭರತ ಒಂದೇ ವಿಶೇಷಣವನ್ನು ಕೊಡುತ್ತಾನೆಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಂತೆ ಕಾಣೆ. ಇಬ್ಬರೂ ‘ಸುಮನಸ’ರು. ತರಗತಿಯಲ್ಲಿ ನಾವು ಇದಕ್ಕೆ ‘ಒಳ್ಳೆಯ ಮನಸ್ಸಿನವರು’ ಎಂದು ಅರ್ಥ ಹೇಳಿ ಗಡಿಯಾರ ನೋಡಿಕೊಂಡು ಮುಂದಕ್ಕೆ ಹೋಗುತ್ತೇವೆ. ನಾಟಕ ನೋಡುವವನಿಗೆ ಮನಸ್ಸು ಬೇಕೆಂಬುದು ಸರಿ. ಆದರೆ ಹುಳಿಯನ್ನ ತಿನ್ನುವುದಕ್ಕೆ ನಾಲಗೆ ಸಾಲದೆ?

ಸಾಲದು ಎಂಬ ಉತ್ತರ ಈಚಿನ ದಶಕಗಳಲ್ಲಿ ಬಂದಿದೆ. ಅದು ಬಂದಿರುವುದು ರಸಾಯನಶಾಸ್ತ್ರದ ಕಡೆಯಿಂದ. ಬಾಳೆಹಣ್ಣು, ಬೆಲ್ಲ, ಕಾಯಿಹಾಲು ಸೇರಿಸಿ ಮಾಡುವುದನ್ನೂ, ಮುಪ್ಪನ್ನು ಕಳೆಯುವ ಔಷಧವನ್ನೂ, ಪ್ರಯೋಗಶಾಲೆಯ ವಿದ್ಯೆಯನ್ನೂ ನಮ್ಮ ಭಾಷೆ ‘ರಸಾಯನ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿರುವಾಗ, ಕನ್ನಡ ಪಾಠ ಹೇಳುವವನೊಬ್ಬ ಇದರಲ್ಲಿ ತಲೆಹಾಕಿದರೆ ಅನಧಿಕಾರವೆಂದು ವಿಜ್ಞಾನದ ಮಿತ್ರರು ಮುನಿಯಲಾರರೆಂದು ನಂಬಿದ್ದೇನೆ. ಅಲ್ಲದೆ ನನ್ನ ತಕರಾರು ವಿಜ್ಞಾನದ ಮೇಲಲ್ಲ, ಮಾತಿನ ಮೇಲೆ.

ನಮ್ಮ ಪತ್ರಿಕೆಗಳ ಆರೋಗ್ಯಪುಟಗಳಲ್ಲಿ ಈಗ ಒಂದು ಮಾತು ಬೇರೂರಿದೆ. ಜಿಲೇಬಿ ತಿಂದರೆ ಮಿದುಳಿನಲ್ಲಿ ಡೋಪಮೀನ್ ಎಂಬ ‘ಆನಂದದ ರಾಸಾಯನಿಕ’ ಒಸರುತ್ತದಂತೆ. ಅದಕ್ಕಾಗಿ ಮತ್ತೆ ಮತ್ತೆ ತಿನ್ನುತ್ತೇವಂತೆ. ಕೆಲವರು ಇದನ್ನು ‘ಸಂತೋಷದ ಹಾರ್ಮೋನು’ ಎಂದೂ ಕರೆಯುತ್ತಾರೆ. ಮಿದುಳಿನೊಳಗೆ ಅದು ಮಾಡುವ ಕೆಲಸ ಹಾರ್ಮೋನಿನದಲ್ಲ, ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ದೂತನದು. 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಈ ದೂತಕಾರ್ಯವನ್ನು ಕಂಡುಹಿಡಿದು, ಅದಕ್ಕಾಗಿ 2000ದಲ್ಲಿ ನೊಬೆಲ್ ಪಾರಿತೋಷಕ ಪಡೆದ. ಹೆಸರಿನ ತಪ್ಪನ್ನು ಕ್ಷಮಿಸಬಹುದು. ‘ಆನಂದ’ ಎಂಬ ಮಾತನ್ನು ಕ್ಷಮಿಸುವುದು ಕಷ್ಟ.

ಈ ಆನಂದ ಹುಟ್ಟಿದ್ದು ಹೇಗೆ? 1954ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬುವರು ಇಲಿಯ ಮಿದುಳಿಗೆ ಸೂಕ್ಷ್ಮವಾದ ತಂತಿ ಇಳಿಸಿ, ಸನ್ನೆಯನ್ನು ಅದುಮಿದರೆ ಅಲ್ಲಿಗೆ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿ ಅದುಮಿತು, ಮತ್ತೆ ಅದುಮಿತು, ಬಿಡದೆ ಅದುಮುತ್ತಲೇ ಹೋಯಿತು. ಇಷ್ಟು ಸಲ ಅದುಮುವುದಾದರೆ ಅಲ್ಲಿ ಸುಖವಿರಲೇಬೇಕೆಂದು ಲೋಕ ತೀರ್ಮಾನಿಸಿತು. ಆ ಜಾಗಕ್ಕೆ ‘ಸುಖಕೇಂದ್ರ’ವೆಂಬ ಹೆಸರಾಯಿತು, ಅಲ್ಲಿ ಕೆಲಸ ಮಾಡುವ ಡೋಪಮೀನಿಗೆ ಸುಖದ ಬಿರುದು ಬಂತು. ಗಮನಿಸಬೇಕು: ಇಲಿಗೆ ಸುಖವಾಯಿತೇ ಎಂದು ಯಾರೂ ನೋಡಿರಲಿಲ್ಲ. ನೋಡಿದ್ದು ಅದು ಎಷ್ಟು ಸಲ ಬಂತು ಎಂಬುದನ್ನು. ಇದು ಪುಸ್ತಕ ವ್ಯಾಪಾರಿಯ ತರ್ಕ. ಎಷ್ಟನೆಯ ಮುದ್ರಣವೆಂದು ಹೇಳಿದರೆ ಎಷ್ಟು ಒಳ್ಳೆಯ ಪುಸ್ತಕವೆಂದು ಹೇಳಿದಂತಾಯಿತು ಎಂಬುವನ ತರ್ಕ.

ಇದನ್ನು ಪರೀಕ್ಷಿಸಬೇಕೆಂದು ಹೊರಟವನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್. ಅವನ ಉಪಾಯ ಸರಳವಾದದ್ದು. ನಾಟ್ಯಶಾಸ್ತ್ರ ಓದಿದವರಿಗೆ ಬಹಳ ಹಿಡಿಸತಕ್ಕದ್ದು. ಎಷ್ಟು ತಿಂದಿತೆಂದು ಎಣಿಸುವುದರ ಬದಲು ಆತ ಇಲಿಯ ಮುಖವನ್ನು ನೋಡಿದ. ನಾಲಗೆಯ ಮೇಲೆ ಸಿಹಿ ಬಿದ್ದರೆ ಇಲಿ ತುಟಿ ಸವರಿಕೊಳ್ಳುತ್ತದೆ, ಮುಂಗಾಲನ್ನು ನೆಕ್ಕುತ್ತದೆ. ಕಹಿ ಬಿದ್ದರೆ ಬಾಯಿ ಅಗಲಿಸಿ ತಲೆ ಕೊಡವುತ್ತದೆ. ಹುಟ್ಟಿ ಒಂದೆರಡು ದಿನವೂ ಆಗದ ಹಸುಗೂಸಿನ ಮುಖದಲ್ಲಿಯೂ ಇವೇ ಅನುಭಾವಗಳು ಕಾಣುತ್ತವೆಂಬುದನ್ನು ಇತರರು ಮೊದಲೇ ತೋರಿಸಿದ್ದರು. 1989ರಲ್ಲಿ ಬೆರಿಜ್ ಮತ್ತು ಸಂಗಡಿಗರು ಒಂದು ವಿಷದಿಂದ ಇಲಿಗಳ ಡೋಪಮೀನ್ ನರಗಳನ್ನು ಬಹುಮಟ್ಟಿಗೆ ನಾಶಮಾಡಿದರು. ಇಂಥ ಇಲಿ ತಾನಾಗಿ ತಿನ್ನುವುದಿಲ್ಲ. ಮುಂದೆಯೇ ಆಹಾರವಿದ್ದರೂ ಬಾಯಿ ಹಾಕದು. ಕೊಳವೆಯಿಂದ ಊಡದಿದ್ದರೆ ಸತ್ತೇಹೋಗುತ್ತದೆ. ಡೋಪಮೀನು ಆನಂದವಾಗಿದ್ದ ಪಕ್ಷದಲ್ಲಿ ಈ ಪ್ರಾಣಿಗೆ ಸಕ್ಕರೆಯೂ ಬೂದಿಯೂ ಒಂದೇ ಆಗಬೇಕಿತ್ತು. ಬಾಯಿಗೆ ಸಕ್ಕರೆನೀರನ್ನು ಬಿಟ್ಟರು. ಇಲಿ ಎಂದಿನಂತೆ ತುಟಿ ಸವರಿಕೊಂಡಿತು.

ಸವಿ ಅಲ್ಲಿಯೇ ಇತ್ತು, ಹೋದದ್ದು ಬಯಕೆ.

ಎರಡು ವರ್ಷಗಳ ಮೇಲೆ, 1991ರಲ್ಲಿ, ಎಲಿಯಟ್ ವ್ಯಾಲೆನ್‌ಸ್ಟೈನ್ ಎಂಬುವನ ಜೊತೆಗೂಡಿ ಅವನು ಇದರ ಮಗ್ಗುಲು ತಿರುಗಿಸಿದ. ಮಿದುಳಿನ ಒಂದು ಭಾಗಕ್ಕೆ ವಿದ್ಯುತ್ತು ಕೊಟ್ಟರೆ ಹೊಟ್ಟೆ ತುಂಬಿದ ಇಲಿಯೂ ಗಬಗಬನೆ ತಿನ್ನುತ್ತದೆ. ರುಚಿ ಹೆಚ್ಚಾದ್ದರಿಂದ ತಿನ್ನುತ್ತದೆಯೆ? ಮುಖ ನೋಡಿದರೆ ಹಾಗಿಲ್ಲ. ವಿದ್ಯುತ್ತು ಹರಿಯುತ್ತಿರುವಾಗ ಸವಿಯ ಚಿಹ್ನೆಗಳು ಹೆಚ್ಚಲಿಲ್ಲ. ಬೇಸರದ ಚಿಹ್ನೆಗಳೇ ಅಷ್ಟು ಹೆಚ್ಚಿದವು. ಬೇಡದ್ದನ್ನು ಬೇಕೆಂದು ತಿನ್ನುವ ಪ್ರಾಣಿ! ಈ ವಾಕ್ಯವನ್ನು ಬರೆದು ಮತ್ತೆ ಓದಿದಾಗ ಅದರಲ್ಲಿ ವಿರೋಧಾಭಾಸವಾಗಲಿ ಚಮತ್ಕಾರವಾಗಲಿ ಇಲ್ಲವೆಂದು ಕಂಡಿತು. ರಾತ್ರಿ ಹನ್ನೊಂದು ಗಂಟೆಗೆ ಚಕ್ಕುಲಿಯ ಡಬ್ಬದ ಮುಂದೆ ನಿಂತವರು ಇದಕ್ಕೆ ಸಾಕ್ಷಿ ಹೇಳಬಲ್ಲರು. ಮೂರನೆಯ ಚಕ್ಕುಲಿ ಮೊದಲನೆಯದರಷ್ಟು ರುಚಿಯಾಗಿರುವುದಿಲ್ಲ. ಆದರೂ ಕೈ ನಾಲ್ಕನೆಯದಕ್ಕೆ ಹೋಗಿರುತ್ತದೆ.

ಹಾಗಾದರೆ ಸವಿಯ ದೂತರು ಯಾರು? ಅಫೀಮಿನ ಬಂಧುಗಳಾದ, ಆದರೆ ನಮ್ಮ ಮಿದುಳೇ ತಯಾರಿಸಿಕೊಳ್ಳುವ ಎನ್‌ಕೆಫಲಿನ್ ಮೊದಲಾದ ದ್ರವ್ಯಗಳು. ಇವುಗಳಲ್ಲಿ ಮೊದಲಿನದನ್ನು 1975ರಲ್ಲಿ ಸ್ಕಾಟ್ಲೆಂಡಿನ ಅಬರ್‌ಡೀನಿನಲ್ಲಿ ಗುರುತಿಸಿದರು. ಇವು ಸವಿಯನ್ನು ಹೆಚ್ಚಿಸುವ ಜಾಗ ಇಲಿಯ ಮಿದುಳಿನಲ್ಲಿ ಸುಮಾರು ಒಂದು ಘನ ಮಿಲಿಮೀಟರಿನಷ್ಟು, ಎಂದರೆ ಒಂದು ಸಾಸಿವೆಕಾಳಿನಷ್ಟು. ಬಯಕೆಯ ಹರಹು ಇದಕ್ಕಿಂತ ಬಹಳ ದೊಡ್ಡದು. ಪ್ರಕೃತಿ ನಮ್ಮಲ್ಲಿ ಆಸೆಗೆ ಬಿಟ್ಟ ಜಾಗವೆಷ್ಟು, ಆಸ್ವಾದಕ್ಕೆ ಬಿಟ್ಟ ಜಾಗವೆಷ್ಟು ಎಂಬುದನ್ನು ವೈರಾಗ್ಯದ ಕವಿಗಳು ಅಳತೆಗೋಲಿಲ್ಲದೆಯೇ ಊಹಿಸಿದ್ದರೆಂದು ತೋರುತ್ತದೆ.

ಇಲಿಯ ಮಾತು ಮನುಷ್ಯರಿಗೆ ಸಲ್ಲುವುದೆ ಎಂದು ಕೇಳಬಹುದು. ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಡೋಪಮೀನ್ ಕೋಶಗಳು ನಶಿಸುತ್ತವೆ. ಸಿಹಿ ಕೊಟ್ಟು ಕೇಳಿದರೆ ಅವರು ಇತರರಷ್ಟೇ ಹಿತವೆನ್ನುತ್ತಾರೆಂದು ಕಂಡುಬಂದಿದೆ. ಡೋಪಮೀನಿನ ಕೆಲಸವನ್ನು ಮಾಡುವ ಔಷಧ ಕೊಟ್ಟಾಗ ಇವರಲ್ಲಿ ಕೆಲವರಿಗೆ ವಿಚಿತ್ರವಾದ ಗೀಳು ಹತ್ತುತ್ತದೆ: ಜೂಜು, ಅಂಗಡಿ ಸುತ್ತುವುದು, ತಿನ್ನುತ್ತಲೇ ಇರುವುದು. ಅದುವರೆಗೆ ಇಸ್ಪೀಟೆಲೆ ಮುಟ್ಟದವರೂ ಹೀಗಾದದ್ದುಂಟು. ಔಷಧ ಕಡಮೆ ಮಾಡಿದರೆ ಸಾಮಾನ್ಯವಾಗಿ ಗೀಳೂ ಇಳಿಯುತ್ತದೆ.

ಇನ್ನೊಂದು ಪ್ರಯೋಗವನ್ನು ಹೇಳದಿದ್ದರೆ ಡೋಪಮೀನಿಗೆ ಅನ್ಯಾಯವಾದೀತು. ವೋಲ್ಫ್‌ರಾಮ್ ಶುಲ್ಟ್ಸ್ ಎಂಬಾತ ಕೋತಿಗಳ ಡೋಪಮೀನ್ ಕೋಶಗಳಿಗೆ ಕಿವಿಗೊಟ್ಟು ಕುಳಿತ. ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಬಿದ್ದರೆ ಅವು ಕೂಗುತ್ತವೆ. ರಸಕ್ಕೆ ಮುಂಚೆ ಒಂದು ದೀಪ ಹತ್ತುವುದೆಂದು ಕೋತಿಗೆ ರೂಢಿಯಾದಮೇಲೆ, ದೀಪ ಹತ್ತಿದೊಡನೆ ಕೂಗುತ್ತವೆ. ರಸ ಬಂದಾಗ ಸುಮ್ಮನಿರುತ್ತವೆ. ದೀಪ ಹತ್ತಿಯೂ ರಸ ಬಾರದಿದ್ದರೆ ಇದ್ದ ದನಿಯೂ ಅಡಗುತ್ತದೆ. 1997ರಲ್ಲಿ ಇದರ ಗಣಿತವನ್ನು ಇಬ್ಬರು ಸಂಗಡಿಗರೊಡನೆ ಆತ ಪ್ರಕಟಿಸಿದ. ಎಂದಮೇಲೆ ಡೋಪಮೀನು ಹಾಡುವುದು ರಸವನ್ನಲ್ಲ, ರಸ ಬರಲಿದೆ ಎಂಬ ಸುದ್ದಿಯನ್ನು. ಅದೂ ಸುದ್ದಿ ಹೊಸದಾಗಿದ್ದರೆ. ಪಕ್ಕದ ಮನೆಯ ಒಗ್ಗರಣೆಯ ಸದ್ದಿಗೆ ನಮ್ಮ ಮನೆಯ ಮಕ್ಕಳು ಕಿವಿ ನಿಮಿರಿಸುವುದು ಇದರಿಂದ. ಆ ಮನೆಯ ಸಾರು ನಮ್ಮ ಮನೆಯದಕ್ಕಿಂತ ರುಚಿಯೆಂದು ಇದರಿಂದ ಸಿದ್ಧವಾಗುವುದಿಲ್ಲ.

ಇಂಗ್ಲಿಷಿನವರು ಈ ಎರಡಕ್ಕೂ ಹೆಸರು ಹುಡುಕಿ ಉದ್ಧರಣಚಿಹ್ನೆಗಳಲ್ಲಿ ಕೂಡಿಹಾಕಿಕೊಂಡಿದ್ದಾರೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ‘ಬಯಕೆ’ ಬೇರೆ, ‘ಸವಿ’ ಬೇರೆ ಎಂಬುದು ನಮ್ಮ ಹೆಂಗಸರಿಗೆ ಯಾವ ಕಾಲದಿಂದಲೋ ಗೊತ್ತು. ಬಸುರಿಯ ಬಯಕೆಗೆ ನಾವು ಪ್ರತ್ಯೇಕವಾದ ಊಟವನ್ನೇ ಇಟ್ಟುಕೊಂಡಿದ್ದೇವೆ. ಆಕೆ ಹುಣಿಸೆಹಣ್ಣು ಬೇಕೆನ್ನುತ್ತಾಳೆ, ಸುಟ್ಟ ಮಣ್ಣು ಬೇಕೆನ್ನುತ್ತಾಳೆ. ಮಣ್ಣು ತಿನ್ನಬೇಕೆಂಬ ಬಯಕೆಗೂ ರಕ್ತದಲ್ಲಿ ಕಬ್ಬಿಣ ಕಡಮೆಯಾಗುವುದಕ್ಕೂ ನಂಟುಂಟೆಂದು ವೈದ್ಯರು ಹೇಳುತ್ತಾರೆ. ಮಣ್ಣು ರುಚಿಯಾಗಿದೆಯೇನಮ್ಮ ಎಂದು ಆಕೆಯನ್ನು ಯಾವ ಅತ್ತೆಯೂ ಕೇಳುವುದಿಲ್ಲ. ಕೇಳುವ ಮಾತು ‘ಬಯಕೆ ತೀರಿತೇ?’ ಎಂದು. ಸವಿಗೆ ‘ತೀರುವುದು’ ಎಂಬ ಕ್ರಿಯಾಪದ ಸಲ್ಲದು. ಹೀಗೆ ಅಚ್ಚುಕಟ್ಟಾಗಿದ್ದ ಭೇದವನ್ನು ‘ಆನಂದದ ರಾಸಾಯನಿಕ’ ಅಳಿಸಿಹಾಕುತ್ತಿದೆ.

ಈಗ ಸುಮನಸರ ಮಾತಿಗೆ ಬರೋಣ. ಅದಕ್ಕೆ ಮೊದಲು ಸಣ್ಣದೊಂದು ಅಡ್ಡದಾರಿ. ನಾಲಗೆಯ ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ಶಾಲೆಯ ಪುಸ್ತಕಗಳು ಬಹುಕಾಲ ಚಿತ್ರ ಬರೆದು ತೋರಿಸಿದವು. ಇದರ ಮೂಲ 1901ರ ಹೇನಿಗ್ ಎಂಬ ಜರ್ಮನ್ ವಿದ್ವಾಂಸನ ಲೇಖನ. ಅವನು ಕಂಡದ್ದು ಅತ್ಯಲ್ಪ ವ್ಯತ್ಯಾಸ. 1942ರಲ್ಲಿ ಅಮೆರಿಕದ ಎಡ್ವಿನ್ ಬೋರಿಂಗ್ ಅದನ್ನು ತನ್ನ ಗ್ರಂಥದಲ್ಲಿ ಹೊಸ ರೇಖಾಚಿತ್ರವಾಗಿ ಬರೆದಾಗ ಅಲ್ಪ ವ್ಯತ್ಯಾಸ ಗಡಿಗೆರೆಯಂತೆ ಕಾಣಿಸಿತು. ಮುಂದಿನವರು ಅದನ್ನು ನೋಡಿ ನಕ್ಷೆ ಬರೆದರು. ಗ್ರಂಥಸಂಪಾದನೆ ಮಾಡಿದವರಿಗೆ ಇದು ಹೊಸದಲ್ಲ: ಒಬ್ಬ ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗಳಲ್ಲಿ ಶುದ್ಧಪಾಠವಾಗಿ ಕುಳಿತುಬಿಡುತ್ತದೆ. ತಮ್ಮ ನಾಲಗೆಯ ಮೇಲೆ ಒಂದು ಚಿಟಿಕೆ ಉಪ್ಪಿಟ್ಟು ನೋಡಬಹುದಾಗಿದ್ದ ಲಕ್ಷಾಂತರ ಮಂದಿ ಪುಸ್ತಕವನ್ನೇ ನಂಬಿದರು!

ನಾಲಗೆಗೆ ನಕ್ಷೆಯಿಲ್ಲದಿದ್ದರೂ ಮನಸ್ಸಿನೊಡನೆ ಸಂಬಂಧವುಂಟು. ರುಚಿಮೊಗ್ಗುಗಳ ಕೆಲವು ಕೋಶಗಳಲ್ಲಿ ಸೆರಟೋನಿನ್ ಎಂಬ ದ್ರವ್ಯವಿದೆ. ಖಿನ್ನತೆಯ ಚಿಕಿತ್ಸೆಯಲ್ಲಿ ವೈದ್ಯರು ಏರಿಸಲು ನೋಡುವುದೂ ಇದನ್ನೇ. 2006ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ಆರೋಗ್ಯವಂತರಾದ ಇಪ್ಪತ್ತು ಮಂದಿಗೆ ಇಂಥ ಔಷಧ ಕೊಟ್ಟು, ಎಷ್ಟು ತೆಳುವಾದ ದ್ರಾವಣದವರೆಗೆ ರುಚಿ ತಿಳಿಯುತ್ತದೆಂದು ಅಳೆದರು. ಸೆರಟೋನಿನ್ ಏರಿಸಿದಾಗ, ಸಿಹಿ ತಿಳಿಯಲು ಬೇಕಾದ ಸಕ್ಕರೆ ಶೇಕಡ 27ರಷ್ಟು, ಕಹಿ ತಿಳಿಯಲು ಬೇಕಾದ ಕ್ವಿನೈನು ಶೇಕಡ 53ರಷ್ಟು ಕಡಮೆಯಾಯಿತು. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ದ್ರವ್ಯವನ್ನು ಏರಿಸಿದಾಗ ಕಹಿಯ ಹೊಸ್ತಿಲು ಶೇಕಡ 39, ಹುಳಿಯದು ಶೇಕಡ 22 ಇಳಿಯಿತು. ಉಪ್ಪು ಎರಡಕ್ಕೂ ಜಗ್ಗಲಿಲ್ಲ. ಇನ್ನೂ ಒಂದು: ಸ್ವಭಾವತಃ ಹೆಚ್ಚು ಕಳವಳದವರ ನಾಲಗೆ ಕಹಿಗೂ ಉಪ್ಪಿಗೂ ಹೆಚ್ಚು ಮಂದವಾಗಿತ್ತು.

ಮನೆಯಲ್ಲಿ ಚಿಂತೆ ಹತ್ತಿದಾಗ ಅಜ್ಜಿಯರು ‘ಬಾಯಿಗೆ ರುಚಿಯೇ ಇಲ್ಲ’ ಎಂದರೆ, ಅದು ಬರಿಯ ನೆಪವಲ್ಲ, ಅಡುಗೆಯವಳ ಮೇಲಿನ ದೂರೂ ಅಲ್ಲ. ಭರತನ ‘ಸುಮನಸ’ ಅಲಂಕಾರದ ಮಾತಲ್ಲ. ಅಭಿನವಗುಪ್ತ ರಸಕ್ಕೆ ಬರುವ ಏಳು ವಿಘ್ನಗಳನ್ನು ಲೆಕ್ಕಹಾಕುವಾಗ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತವನ ಸ್ಥಿತಿಯನ್ನು ಅವುಗಳಲ್ಲಿ ಒಂದಾಗಿ ಹೇಳುತ್ತಾನೆ. ಮಗಳ ಮದುವೆಯ ಸಾಲ ತಲೆಯಲ್ಲಿರುವವನಿಗೆ ಶಾಕುಂತಲದ ನಾಲ್ಕನೆಯ ಅಂಕ ಏನು ಮಾಡೀತು? ಆದರೆ ಅಭಿನವಗುಪ್ತನಿಗೆ ಸೆರಟೋನಿನ್ ಗೊತ್ತಿತ್ತೆಂದು ಹೇಳುವ ಮೂಢಾಭಿಮಾನ ನನಗೆ ಬೇಡ. ನಮ್ಮಲ್ಲಿ ಅದು ಈಗಾಗಲೇ ಸಾಕಷ್ಟಿದೆ. ಅವನು ಬಲ್ಲದ್ದು ಅನುಭವವನ್ನು, ಇವರು ಅಳೆದದ್ದು ದ್ರವ್ಯವನ್ನು. ಇಬ್ಬರ ಮಾತೂ ಒಂದು ಕಡೆ ಕೂಡುತ್ತದೆಂಬಷ್ಟೇ ನನಗೆ ಸಾಕು.

ಕೂಡುವ ಇನ್ನೊಂದು ಕಡೆ ಇದಕ್ಕಿಂತ ಸ್ವಾರಸ್ಯದ್ದು. 1971ರಲ್ಲಿ ಫ್ರಾನ್ಸಿನ ಮಿಷೆಲ್ ಕಬನಾಕ್, ಹಸಿದಾಗ ಹಿತವಾದ ಸಕ್ಕರೆನೀರು ಗ್ಲೂಕೋಸು ಕುಡಿದಮೇಲೆ ಅದೇ ಮನುಷ್ಯನಿಗೆ ಅಹಿತವಾಗುವುದನ್ನು ವಿವರಿಸಿ ಬರೆದ. ದ್ರವ್ಯ ಬದಲಾಗಿಲ್ಲ, ನಾಲಗೆ ಬದಲಾಗಿಲ್ಲ, ಹಿತ ಬದಲಾಗಿದೆ. ಹತ್ತು ವರ್ಷಗಳ ಮೇಲೆ ಬಾರ್ಬರಾ ರೋಲ್ಸ್ ಮತ್ತು ಎಡ್ಮಂಡ್ ರೋಲ್ಸ್ ಮೊದಲಾದವರು ತೋರಿಸಿದ್ದೇನೆಂದರೆ, ಈ ಬೇಸರ ತಿಂದ ಪದಾರ್ಥಕ್ಕೆ ಹೆಚ್ಚು, ತಿನ್ನದ ಪದಾರ್ಥಕ್ಕೆ ಕಡಮೆ. ಮದುವೆಯ ಮನೆಯಲ್ಲಿ ಹುಳಿಯನ್ನಕ್ಕೆ ಎಲೆಗೆ ಕೈ ಅಡ್ಡ ಹಿಡಿದವರು ಹೋಳಿಗೆ ಬಂದಾಗ ಕೈ ತೆಗೆಯುವ ರಹಸ್ಯ ಇದು. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಕವಿಗಳಿಗೆ ಕೊಡುವ ಎಚ್ಚರಿಕೆಯನ್ನು ಇಲ್ಲಿ ನೆನೆಯಬಹುದು: ಪೂರ್ಣವಾಗಿ ಪುಷ್ಟಿಗೊಂಡ ರಸವನ್ನು ಮತ್ತೆ ಮತ್ತೆ ಕೆರಳಿಸಹೋದರೆ ಅದು ಹಲವು ಸಲ ಮುಟ್ಟಿದ ಹೂವಿನಂತೆ ಬಾಡುತ್ತದೆ. ನಮ್ಮ ಧಾರಾವಾಹಿಗಳ ಕರುಣರಸಕ್ಕೆ ಒದಗಿರುವ ಗತಿ ಇದೇ. ಹೂವು ಎಂದೋ ಬಾಡಿದೆ. ಜನ ಮಾತ್ರ ನಾಳೆಯ ಕಂತಿಗೆ ಕಾಯುತ್ತಲೇ ಇದ್ದಾರೆ.

ಕಾಯುತ್ತಿದ್ದಾರೆಂದಮೇಲೆ ಮೆಚ್ಚಿದ್ದಾರಲ್ಲವೆ ಎಂಬ ಪ್ರಶ್ನೆ ಬರುತ್ತದೆ. ನನ್ನ ಜಗಳ ಇರುವುದು ಇಲ್ಲಿ. ಇಂದಿನ ಪುಸ್ತಕವಿಮರ್ಶೆಯಲ್ಲಿ ಅತ್ಯುಚ್ಚ ಪ್ರಶಂಸೆ ಯಾವುದು? ‘ಓದಿಸಿಕೊಂಡು ಹೋಗುತ್ತದೆ’, ‘ಕೈಗೆತ್ತಿಕೊಂಡರೆ ಕೆಳಗಿಡಲಾಗದು’, ‘ಒಂದೇ ಉಸಿರಿಗೆ ಮುಗಿಸಿದೆ’. ಇವೆಲ್ಲ ಸನ್ನೆ ಅದುಮುವ ಇಲಿಯ ವರದಿಗಳು. ಮುಂದಿನ ಪುಟ ಬೇಕೆನ್ನಿಸಿತೆಂದು ಇವು ಹೇಳುತ್ತವೆ; ಈ ಪುಟದಲ್ಲಿ ಏನು ಸವಿದೆನೆಂದು ಹೇಳುವುದಿಲ್ಲ. ಪತ್ತೇದಾರಿ ಕಾದಂಬರಿ ಕೆಳಗಿಡಲಾಗದ್ದು ನಿಜ. ಕೊಲೆಗಾರ ಯಾರೆಂದು ತಿಳಿದಮೇಲೆ ಮೇಲೆತ್ತಲಾಗದ್ದೂ ನಿಜ. ಕುಮಾರವ್ಯಾಸನ ಕಥೆಯಲ್ಲಿ ಮುಂದೇನೆಂಬುದು ಕೇಳುವವರಿಗೆಲ್ಲ ಗೊತ್ತಿದ್ದೂ ಗಮಕಿಯ ಮುಂದೆ ಜನ ಕೂರುತ್ತಾರೆ. ಶುಲ್ಟ್ಸನ ದೀಪ ಅಲ್ಲಿ ಹತ್ತುವುದೇ ಇಲ್ಲವೆಂದು ನಾನು ಹೇಳಲಾರೆ. ಕಥೆ ಗೊತ್ತಿದ್ದರೂ ಮುಂದಿನ ಪದ್ಯಕ್ಕೆ ಕಿವಿ ಕಾದಿರುತ್ತದೆ. ಆದರೆ ದೀಪವೊಂದರಿಂದಲೇ ಆ ಸಭೆ ಗಂಟೆಗಟ್ಟಲೆ ಕೂತಿರಲಾರದು.

ಬಯಕೆಯನ್ನು ಸವಿಯಿಂದ ಬಿಡಿಸಿ ನೋಡಿದ ಕವಿ ಕನ್ನಡದಲ್ಲಿಯೇ ಒಬ್ಬನಿದ್ದಾನೆ. ಅವನ ವಸ್ತು ಊಟವಲ್ಲ, ಕಾಮ. ಜನ್ನನ ‘ಯಶೋಧರಚರಿತೆ’ 1209ರದು. ಅಮೃತಮತಿ ರಾಣಿ, ಗಂಡ ಚೆಲುವ, ಪ್ರೀತಿಸುವವ. ಆಕೆ ಒಲಿದದ್ದು ಕುರೂಪಿಯಾದ ಮಾವಟಿಗನಿಗೆ. ಆ ವಿಕಾರನಲ್ಲಿ ಅವಳು ಏನು ಕಂಡಳು ಎಂಬುದು ತರಗತಿಯಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆ. ಅಭಿರುಚಿಯ ವಿಕಾರ, ಕರ್ಮವಿಪಾಕ, ಹೆಣ್ಣಿನ ಚಾಂಚಲ್ಯ ಎಂಬ ಉತ್ತರಗಳು ಸಿದ್ಧವಾಗಿವೆ. ಕೊನೆಯದನ್ನು ವಿದ್ಯಾರ್ಥಿನಿಯರು ಈಗ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಪ್ರಶ್ನೆಯೇ ದಾರಿ ತಪ್ಪಿಸುವಂಥದು. ಅವಳು ಏನನ್ನೂ ಕಂಡಿರಲಿಲ್ಲ. ಕವಿ ಮೊದಲು ಅವಳ ಕಿವಿಗೆ ಒಂದು ಹಾಡನ್ನು ತರುತ್ತಾನೆ. ಹಾಡುವವನು ಕಾಣುವುದಿಲ್ಲ; ಮನಸ್ಸು ಆಗಲೇ ಹೋಗಿಬಿಟ್ಟಿದೆ. ದೂತಿ ಹೋಗಿ ನೋಡಿ ಬಂದು ಅವನ ರೂಪವನ್ನು ಹೇಳಿದ ಬಳಿಕವೂ ಅದು ಹಿಂದಿರುಗುವುದಿಲ್ಲ. ತಡವಾಗಿ ಹೋದದ್ದಕ್ಕೆ ಅವನು ಹೊಡೆಯುತ್ತಾನೆ. ಹೊಡೆಸಿಕೊಂಡು ಕಾಲಿಗೆ ಬೀಳುತ್ತಾಳೆ. ಸೌಂದರ್ಯದ ಲೆಕ್ಕದಿಂದ, ಸುಖದ ಲೆಕ್ಕದಿಂದ ಈ ಭಾಗವನ್ನು ಓದಿದರೆ ಜನ್ನ ಅತಿರೇಕ ಮಾಡಿದನೆನ್ನಿಸುತ್ತದೆ. ಸವಿಯಿಂದ ಸ್ವತಂತ್ರವಾಗಿ ಬಯಕೆ ಒಬ್ಬರನ್ನು ಎಳೆದೊಯ್ಯಬಲ್ಲದೆಂದು ತಿಳಿದು ಓದಿದರೆ, ಅತಿರೇಕವೆಂದು ಕಂಡದ್ದೇ ಅಲ್ಲಿಯ ನಿಜವಾಗಿ ಕಾಣುತ್ತದೆ. ಕವಿ ಅವಳನ್ನು ದೂಷಿಸುತ್ತಾನೆ, ಅದು ಅವನ ಧರ್ಮ. ಆದರೆ ಅವಳನ್ನು ತಪ್ಪಾಗಿ ಚಿತ್ರಿಸುವುದಿಲ್ಲ.

ದೂಷಣೆಯ ಮಾತು ಬಂದುದರಿಂದ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಈಗಲೂ ಈ ದೂಷಣೆ ನಡೆದೇ ಇದೆ. ಮೈ ಬಂದವರ ಮೇಲೆ. ‘ನಾಲಗೆ ಚಪಲ’, ‘ಬಾಯಿಗೆ ಬೀಗವಿಲ್ಲ’ ಎಂಬ ಮಾತುಗಳನ್ನು ಹದಿಮೂರು ವರ್ಷದ ಹುಡುಗಿಗೂ ಅವಳ ಎಲೆಯ ಮುಂದೆಯೇ ಹೇಳುತ್ತೇವೆ. ಪುರಂದರದಾಸರ ಒಂದು ಕೀರ್ತನೆಯಲ್ಲಿಯೂ ನಾಲಗೆ ಬೈಸಿಕೊಳ್ಳುತ್ತದೆ, ಆದರೆ ಅಲ್ಲಿ ಅದರ ಮುಖ್ಯ ಅಪರಾಧ ಕೆಟ್ಟದ್ದನ್ನು ಆಡಿದ್ದು. ತಿಂದದ್ದಕ್ಕೆ ನಾಲಗೆಯನ್ನು ಹೊಣೆಮಾಡುವುದು ಶರೀರಶಾಸ್ತ್ರದ ದೃಷ್ಟಿಯಿಂದ ವಿಳಾಸ ತಪ್ಪಿದ ಪತ್ರ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್ಮನ್ ಮತ್ತು ಸಂಗಡಿಗರು ಕೊಬ್ಬಿನ ಕೋಶಗಳು ಮಿದುಳಿಗೆ ಕಳಿಸುವ ಲೆಪ್ಟಿನ್ ಎಂಬ ಸಂದೇಶದ್ರವ್ಯದ ಜೀನನ್ನು ಕಂಡುಹಿಡಿದರು. ಹುಟ್ಟಿನಿಂದ ಅದಿಲ್ಲದ ಕೆಲವೇ ಮಕ್ಕಳಿದ್ದಾರೆ. ಅವರ ಹಸಿವಿಗೆ ತಳವಿಲ್ಲ. 2007ರಲ್ಲಿ ಕೇಂಬ್ರಿಜ್ಜಿನ ಸದಫ್ ಫಾರೂಕಿ ಮೊದಲಾದವರು ಇಂಥ ಇಬ್ಬರನ್ನು ಪರೀಕ್ಷಿಸಿದರು. ಆಗತಾನೆ ಉಂಡಿದ್ದರೂ ಮೆಚ್ಚಿನ ತಿಂಡಿಯ ಚಿತ್ರ ಕಂಡರೆ ಅವರಿಗೆ ಬೇಕೆನ್ನಿಸುತ್ತಿತ್ತು. ಏಳು ದಿನ ಲೆಪ್ಟಿನ್ ಕೊಟ್ಟಮೇಲೆ ಹಾಗೆನ್ನಿಸಿದ್ದು ಹಸಿದಾಗ ಮಾತ್ರ. ಏಳು ದಿನಗಳಲ್ಲಿ ಅವರ ಶೀಲ ಸುಧಾರಿಸಿತೆಂದು ಹೇಳೋಣವೆ?

ಈಚೆಗೆ ಕರುಳಿನ ಒಂದು ಹಾರ್ಮೋನನ್ನು ಅನುಕರಿಸುವ ಸೆಮಗ್ಲುಟೈಡ್ ಮೊದಲಾದ ಚುಚ್ಚುಮದ್ದುಗಳು ಬಂದಿವೆ. ತೂಕ ಇಳಿಸಲೆಂದು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಈ ಔಷಧ, 2025ರಲ್ಲಿ ಅದೇ ಉದ್ದೇಶಕ್ಕಾಗಿ ನಮ್ಮ ದೇಶದ ಔಷಧದಂಗಡಿಗಳಿಗೂ ಬಂತು. ತೆಗೆದುಕೊಂಡವರಲ್ಲಿ ಹಲವರು ಹೇಳುವ ಮಾತು ನನಗೆ ಕುತೂಹಲದ್ದಾಗಿ ತೋರಿತು: ತಲೆಯೊಳಗೆ ಬಿಡದೆ ನಡೆಯುತ್ತಿದ್ದ ತಿಂಡಿಯ ಗದ್ದಲ ನಿಂತಿತಂತೆ. ನಿಲ್ಲುವವರೆಗೂ ಅದು ಗದ್ದಲವೆಂದೇ ಅವರಿಗೆ ತಿಳಿದಿರಲಿಲ್ಲ. ಎಲ್ಲರ ತಲೆಯೊಳಗೂ ಹೀಗೆಯೇ ಇರುತ್ತದೆ, ಇತರರು ತಡೆದುಕೊಳ್ಳುತ್ತಾರೆ, ತಮಗೆ ಸಂಯಮವಿಲ್ಲ ಎಂದು ಅವರು ನಂಬಿದ್ದರು, ನಾವು ನಂಬಿಸಿದ್ದೆವು. ಈ ಮದ್ದಿನ ಗುಣದೋಷಗಳು ವೈದ್ಯರಿಗೆ ಬಿಟ್ಟದ್ದು. ‘ಚಪಲ’ ಎಂಬ ಮಾತಿನ ಗುಣದೋಷ ನಮಗೆ ಸೇರಿದ್ದು.

ಕೊನೆಯದಾಗಿ, ಸವಿ ಬಯಕೆಯಿಂದ ಬೇರೆಯೆಂದು ಹೇಳಿದ ಮಾತ್ರಕ್ಕೆ ಅದು ಶುದ್ಧವೆಂದು ಯಾರೂ ಭಾವಿಸಬಾರದು. 2008ರಲ್ಲಿ ಕ್ಯಾಲಿಫೋರ್ನಿಯದ ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು ಒಂದೇ ದ್ರಾಕ್ಷಾಮದ್ಯವನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟರು. ಬೆಲೆ ಹೆಚ್ಚಿನದು ಹೆಚ್ಚು ರುಚಿಯೆಂದರು ಕುಡಿದವರು. ಸುಳ್ಳಾಡಿದರೆ? ಮಿದುಳಿನಲ್ಲಿ ಹಿತವನ್ನು ಸೂಚಿಸುವ ಭಾಗದ ಚಟುವಟಿಕೆಯೂ ಆಗ ಹೆಚ್ಚಿತ್ತು. ನಾಲಗೆಯ ಸುದ್ದಿ ಮೊದಲು ಮುಟ್ಟುವ ಭಾಗಗಳಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಬೆಲೆಯೇ ಸವಿಯೊಳಗೆ ಬೆರೆತುಹೋಗಿತ್ತು.

1929ರಲ್ಲಿ ಪ್ರಕಟವಾದ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥಕ್ಕಾಗಿ ಐ. ಎ. ರಿಚರ್ಡ್ಸ್ ಕೇಂಬ್ರಿಜ್ಜಿನ ತನ್ನ ವಿದ್ಯಾರ್ಥಿಗಳಿಗೆ ಕವಿಗಳ ಹೆಸರು ತೆಗೆದು ಕವಿತೆಗಳನ್ನು ಕೊಟ್ಟದ್ದು, ಅವರು ಹೆಸರಾಂತ ಕವಿಗಳನ್ನು ಹಳಿದು ಸಾಮಾನ್ಯರನ್ನು ಹೊಗಳಿದ್ದು ಆಂಗ್ಲ ಸಾಹಿತ್ಯ ಓದಿದವರಿಗೆಲ್ಲ ಗೊತ್ತು. ಹುಡುಗರಿಗೆ ಅಭಿರುಚಿಯಿಲ್ಲವೆಂದು ಅಂದು ಹಲವರು ನಕ್ಕರು. ನಾನು ನಗಲಾರೆ. ಕವಿಯ ಹೆಸರು, ಪ್ರಶಸ್ತಿ, ಮುನ್ನುಡಿ ಬರೆದವರ ಪದವಿ, ಇವೆಲ್ಲ ನಮ್ಮ ಸವಿಯೊಳಗೆ ಕರಗಿ ಹೋಗಿರುವಾಗ, ಹೊಗಳಿದವನು ಪ್ರಾಮಾಣಿಕನಾಗಿರುವುದೂ ಸಾಧ್ಯ, ಹೊಗಳಿಕೆ ಪೊಳ್ಳಾಗಿರುವುದೂ ಸಾಧ್ಯ. ಮದ್ಯದ ಪ್ರಯೋಗಕ್ಕೆ ಒಂದು ಉತ್ತರಕಾಂಡವುಂಟು. ಕೆಲವು ವಾರಗಳು ಕಳೆದಮೇಲೆ ಅದೇ ಜನರಿಗೆ ಅದೇ ಮದ್ಯವನ್ನು ಬೆಲೆ ಹೇಳದೆ ಕೊಟ್ಟರು. ಈ ಸಲ ಅವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.